ಅಕ್ಕಯಮ್ಮನ ಕೈ ನೋಡಿ ಕಲಿತ ಬಣ್ಣ

ಹೊಸೂರಿನ ಬಜಾರು ಬೀದಿಯಲ್ಲಿದ್ದ ನನ್ನ ಅಂಗಡಿಯನ್ನು ಕಳೆದ ವರ್ಷ ಮುಚ್ಚಿದೆ. ಮಂಡಿನೋವಿನಿಂದ ಮುಚ್ಚಿದೆನೇ ಹೊರತು ಕೆಲಸ ಇಲ್ಲದೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಎಣ್ಣೆಬಣ್ಣದಲ್ಲಿ ಮುಖ ಬರೆಯುವವರ ಕಾಲ ಮುಗಿಯಿತೆಂದು ನನಗೆ ಸಮಾಧಾನ ಹೇಳಲು ಬರುವವರು ಬಹಳ ಜನ. ಈಗ ಫೋಟೊವನ್ನೇ ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಅದರ ಮೇಲೆ ಬಣ್ಣವಿಲ್ಲದ ಅಂಟನ್ನು ಬ್ರಷ್ಷಿನಲ್ಲಿ ಎಳೆದು, ಕೈಯಲ್ಲಿ ಬರೆದದ್ದೆಂದು ಕೊಡುತ್ತಾರೆ. ಕೊಡಲಿ. ಆ ಪಟಗಳನ್ನು ಕೊಂಡವರಲ್ಲೇ ಕೆಲವರು ಆಮೇಲೆ ನನ್ನ ಹತ್ತಿರ ಬಂದಿದ್ದಾರೆ. ಯಾಕೆಂದು ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ, ಅಪ್ಪ ಅಪ್ಪನಂತೆಯೇ ಇದ್ದಾರೆ, ಆದರೆ ಅಪ್ಪ ಅಲ್ಲ ಎನ್ನುತ್ತಾರೆ.

ಕೃಷ್ಣಗಿರಿ, ಬಾಗಲೂರು ಕಡೆಯಿಂದ ಚಿತ್ರ ಕಲಿಯುವ ಮಕ್ಕಳು ಈಗ ಮನೆಗೇ ಬರುತ್ತಾರೆ. ಯಾವ ಕಾಲೇಜಿನಲ್ಲಿ ಕಲಿತಿರಿ ಎಂಬುದು ಎಲ್ಲರ ಮೊದಲ ಪ್ರಶ್ನೆ. ನಾನು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಒಂದು ಹಳೆಯ ಪಟವನ್ನು ನೋಡಿ, ಅದರಂತೆಯೇ ಇನ್ನೊಂದು ಬರೆಯಲು ಹೋಗಿ ಕಲಿತವಳು. ಆ ಕಥೆಯನ್ನು ಒಂದು ಸಲ ಸರಿಯಾಗಿ ಬರೆದಿಟ್ಟರೆ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳುವುದು ತಪ್ಪುತ್ತದೆ.

ನಮ್ಮದು ಮೂಕಂಡಪಲ್ಲಿ. ಅಪ್ಪ ರಾಗಿ ಬೆಳೆಯುತ್ತಿದ್ದರು. ಊರ ಪಕ್ಕದಲ್ಲಿ ಕಾರ್ಖಾನೆಗಳು ಎದ್ದಾಗ ಅಣ್ಣ ಲೇತ್ ಕೆಲಸಕ್ಕೆ ಸೇರಿದ. ನಾನು ಹತ್ತನೆಯ ತರಗತಿ ಮುಗಿಸಿ, ಬಜಾರಿನ ಒಂದು ಫೋಟೊ ಸ್ಟುಡಿಯೊಕ್ಕೆ ಟಚಪ್ ಕೆಲಸಕ್ಕೆ ಸೇರಿದೆ. ಟಚಪ್ ಎಂದರೆ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಮೊಡವೆ, ಸುಕ್ಕು ಅಳಿಸುವುದು, ಕಪ್ಪುಬಿಳುಪು ಫೋಟೊಗೆ ಕೆನ್ನೆ ತುಟಿ ಸೀರೆಗಳ ಬಣ್ಣ ತುಂಬುವುದು. ಹೆಣ್ಣುಮಗಳು ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡುವುದು ಊರಿನವರಿಗೆ ಹೊಸದು. ನಾಲ್ಕು ದಿನ ಮಾತಾಡಿಕೊಂಡರು, ಆಮೇಲೆ ಅವರೇ ಮದುವೆ ಫೋಟೊ ತಂದುಕೊಟ್ಟು ಸರೋಜಾ, ನೀನೇ ಬಣ್ಣ ಹಾಕು ಎಂದರು.

ಸ್ಟುಡಿಯೊ ಮಾಲೀಕರು ಮಾಣಿಕ್ಕಂ ಮಾಸ್ಟರ್. ಕೃಷ್ಣಗಿರಿಯವರು. ಯೌವನದಲ್ಲಿ ಸಿನಿಮಾ ಬ್ಯಾನರ್ ಬರೆದು ಹೆಸರು ಮಾಡಿದ್ದರು. ನಾಯಕಿಯ ಒಂದು ಕಣ್ಣನ್ನೇ ಆಳೆತ್ತರ ಬರೆಯುತ್ತಿದ್ದೆ ಎಂದು ಹೇಳುವಾಗ ಅವರ ಎದೆ ಆಗಲೂ ಉಬ್ಬುತ್ತಿತ್ತು. ಆದರೆ ಗೋಡೆಗೆ ಹಾಕುವ ಅಳತೆಯ ಮುಖ ಅವರಿಂದ ಆಗುತ್ತಿರಲಿಲ್ಲ. ಸಣ್ಣ ಕ್ಯಾನ್ವಾಸಿನಲ್ಲಿ ಅವರು ಬರೆದ ಮುಖಗಳೆಲ್ಲ ಕಿಟಕಿಯಿಂದ ತಲೆ ಹೊರಹಾಕಲು ನೂಕುನುಗ್ಗಲು ಮಾಡುವಂತೆ ಕಾಣುತ್ತಿದ್ದವು. ಇದು ಅವರಿಗೂ ಗೊತ್ತಿತ್ತು. ನನ್ನ ತೋಳು ದೊಡ್ಡದಮ್ಮಾ, ನಿನ್ನ ಬೆರಳು ಸಣ್ಣದು, ಸಣ್ಣ ಕೆಲಸ ನಿನಗೆ ಎಂದು ನಗುತ್ತಿದ್ದರು.

ಅಲ್ಲಿ ನಾನು ಕಲಿತ ಮೊದಲ ಪಾಠ ಕಣ್ಣಿನದು. ಆಗೆಲ್ಲ ಎಷ್ಟೋ ಮನೆಗಳಲ್ಲಿ ಹಿರಿಯರು ತೀರಿಕೊಂಡ ಮೇಲೆ ಕೂರಿಸಿ ತೆಗೆಸಿದ ಫೋಟೊ ಒಂದೇ ಇರುತ್ತಿತ್ತು. ಅದನ್ನು ತಂದು ಕಣ್ಣು ತೆರೆಸಿಕೊಡಿ ಎನ್ನುತ್ತಿದ್ದರು. ಜೂಜುವಾಡಿಯಲ್ಲಿ ಲಾರಿಯವರಿಗೆ ಟೀ ಅಂಗಡಿ ಇಟ್ಟಿದ್ದ ಒಬ್ಬ, ತನ್ನ ಅಪ್ಪನ ಕಣ್ಣು ತನ್ನ ಕಣ್ಣಿನಂತೆಯೇ ಇತ್ತೆಂದ. ಅವನನ್ನೇ ಎದುರಿಗೆ ಕೂರಿಸಿಕೊಂಡು, ಅವನ ಕಣ್ಣನ್ನೇ ಅಪ್ಪನಿಗೆ ಬರೆದೆ. ಫೋಟೊ ತೆಗೆದುಕೊಳ್ಳಲು ಬಂದವನು ಬಹಳ ಹೊತ್ತು ನೋಡಿ, ಕಣ್ಣೇನೋ ಸರಿ, ಆದರೆ ನಮ್ಮಪ್ಪ ಯಾರಿಗೂ ಹೆದರಿದವನಲ್ಲ ಎಂದ. ನಾನು ದಿಟ್ಟಿಸಿ ನೋಡುತ್ತಿದ್ದಾಗ ಅವನಿಗೆ ಆದ ಹೆದರಿಕೆಯನ್ನೂ ಸೇರಿಸಿ ಬರೆದಿದ್ದೆ. ಅಂದಿನಿಂದ ಎದುರಿಗೆ ಕೂತವರನ್ನು ಅವರು ಬೇರೆ ಕೆಲಸದಲ್ಲಿರುವಾಗ ಮಾತ್ರ ನೋಡುವುದು ನನ್ನ ಅಭ್ಯಾಸವಾಯಿತು.

ಇನ್ನೊಂದು ಪಾಠ ಮಾಸ್ಟರ್ ಕಲಿಸಿದ್ದು. ಯಾರದೇ ಮುಖವಾಗಲಿ, ಮೈಬಣ್ಣಕ್ಕೆ ಒಂದು ಬೊಟ್ಟು ಬಿಳಿ ಜಾಸ್ತಿ ಸೇರಿಸಬೇಕು. ಗಿರಾಕಿ ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿರುತ್ತಾನೆ ಎಂಬುದು ಅವರ ನಂಬಿಕೆ. ನಾನೂ ಹಾಗೆಯೇ ಮಾಡುತ್ತಿದ್ದೆ. ನಮ್ಮ ಸ್ಟುಡಿಯೊದಿಂದ ಹೊರಗೆ ಹೋದ ಯಾವ ಹಿರಿಯರೂ ಕಪ್ಪಗಿರಲಿಲ್ಲ.

ಹೀಗಿರುವಾಗ ಬೇರಿಗೆ ರಸ್ತೆಯ ಒಂದು ಹಳ್ಳಿಯಿಂದ ರಾಮಯ್ಯ ಎಂಬುವರು ಬಂದರು. ಅವರೂ ಅವರ ಅಣ್ಣ ನಂಜಪ್ಪನೂ ಬೇರೆಯಾಗಿದ್ದರು. ಹೊಲ, ದನ, ಪಾತ್ರೆ ಎಲ್ಲವೂ ತಕರಾರಿಲ್ಲದೆ ಎರಡು ಪಾಲಾಗಿದ್ದವು. ಉಳಿದದ್ದು ಅವರ ಅಜ್ಜಿ ಮುನಿಯಮ್ಮನ ಎಣ್ಣೆಬಣ್ಣದ ಪಟ ಒಂದೇ. ಹಿರಿಯರ ಹಬ್ಬದಲ್ಲಿ ಆ ಮನೆಯವರು ಎಡೆ ಇಡುತ್ತಿದ್ದದ್ದು ಆ ಪಟದ ಮುಂದೆ. ಅದು ಹೊಸ್ತಿಲು ದಾಟಬಾರದೆಂದು ನಂಜಪ್ಪ ಹೇಳಿದ್ದರು. ಅಜ್ಜಿಯಿಲ್ಲದೆ ನನ್ನ ಮನೆಯಲ್ಲಿ ಎಡೆ ಇಡುವುದು ಹೇಗೆ ಎಂದು ರಾಮಯ್ಯ ಕೇಳಿದ್ದರು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು. ಕೊನೆಗೆ ಹೆಂಗಸರು ಸೇರಿ, ಅದರಂತೆಯೇ ಇನ್ನೊಂದು ಬರೆಸಿ ಎಂದು ದಾರಿ ತೋರಿಸಿದ್ದರು. ರಾಮಯ್ಯನ ಷರತ್ತು ಒಂದೇ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಹಳೆಯದೆಂದು ಅಣ್ಣನಿಗೇ ಗೊತ್ತಾಗಬಾರದು.

ನಾನು ಅಲ್ಲಿಯವರೆಗೆ ಎಣ್ಣೆಬಣ್ಣ ಮುಟ್ಟಿದವಳಲ್ಲ. ಮಾಸ್ಟರ್ ನನ್ನನ್ನು ಕೇಳದೆಯೇ ಆಗಲಿ ಎಂದುಬಿಟ್ಟರು. ರಾಮಯ್ಯ ಹೋದ ಮೇಲೆ ನಾನು ಜಗಳಕ್ಕೇ ನಿಂತೆ.

"ಎದುರಿಗೆ ಇನ್ನೊಬ್ಬರು ಬರ್ದಿಟ್ಟಿರೋ ಪಟ ಐತಲ್ಲಮ್ಮಾ," ಎಂದರು ಮಾಸ್ಟರ್. "ಅವರೇ ನಿಂಗೆ ವಾದ್ಯಾರು, ಮೇಷ್ಟ್ರು. ಕೇಳು, ಹೇಳ್ತಾರೆ."

ಪಟ ಹೊರಗೆ ಬರುವಂತಿಲ್ಲವಾದ್ದರಿಂದ ನಾನೇ ಬಸ್ಸು ಹತ್ತಿ ನಂಜಪ್ಪನ ಮನೆಗೆ ಹೋಗತೊಡಗಿದೆ. ಪಡಸಾಲೆಯ ಕಂಬಕ್ಕೆ ಎದುರಾಗಿ ಪಟ ತೂಗುಹಾಕಿದ್ದರು. ಅಡುಗೆಮನೆಯ ಬಾಗಿಲು ಅದರ ಪಕ್ಕದಲ್ಲೇ. ಮಣೆಯ ಮೇಲೆ ಕುಳಿತ ನಡುವಯಸ್ಸಿನ ಹೆಂಗಸು, ತೊಡೆಯ ಮೇಲೆ ಒಂದು ಕೈ, ತಲೆಯ ಮೇಲೆ ಸೆರಗು, ಕಂದು ಮೈ, ಕಂದು ಸೀರೆ, ಹಿಂದೆ ಕಂದು ಕತ್ತಲೆ. ಬರೆದವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನ ಕಡೆಯಿಂದ ಬಂದವರೆಂದು ಮಾತ್ರ ಹೇಳುತ್ತಿದ್ದರು.

ನಂಜಪ್ಪ ಮಾತು ಕಡಿಮೆಯ ಮನುಷ್ಯ. ನಾನು ಬಂದಾಗ ಒಂದು ಸಲ, ಹೊರಟಾಗ ಒಂದು ಸಲ ಪಟವನ್ನು ನೋಡಿ ಹೋಗುತ್ತಿದ್ದರು, ನಾನು ಅಜ್ಜಿಯನ್ನು ಚೂರುಚೂರಾಗಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೇನೋ ಎಂಬಂತೆ. ಅವರ ಹೆಂಡತಿ ಲಕ್ಷ್ಮಕ್ಕ ಒಳ್ಳೆಯವರು. ಪಡಸಾಲೆಯ ಮೂಲೆಯಲ್ಲಿ ಯಾವಾಗಲೂ ಸೊಪ್ಪು ಬಿಡಿಸುತ್ತಲೋ ಕಾಳು ಆರಿಸುತ್ತಲೋ ಕುಳಿತಿರುತ್ತಿದ್ದವರು ಅಕ್ಕಯಮ್ಮ. ಪಟದಲ್ಲಿದ್ದ ಮುನಿಯಮ್ಮನ ಮಗಳು, ಈ ಅಣ್ಣತಮ್ಮಂದಿರ ಸೋದರತ್ತೆ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಈ ಇಬ್ಬರನ್ನೂ ಎತ್ತಿ ಆಡಿಸಿದವರು. ಅಣ್ಣತಮ್ಮ ಬೇರೆಯಾದ ಮೇಲೆ ಬೆಳಿಗ್ಗೆ ದೊಡ್ಡವನ ಮನೆ, ಸಂಜೆ ಚಿಕ್ಕವನ ಮನೆ ಎಂದು ತಾವೇ ಏರ್ಪಾಡು ಮಾಡಿಕೊಂಡಿದ್ದರು. ಯಾರ ಮನೆಯಲ್ಲಿರುತ್ತೀಯ ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ಕ್ಯಾನ್ವಾಸ್ ಹಾಳಾಯಿತು. ನಾನು ಟಚಪ್ ಮಾಡುವವಳಂತೆಯೇ ಬರೆದಿದ್ದೆ. ದಾರ ಎಳೆದು ಚೌಕ ಹಾಕಿ, ಗೆರೆ ತಿದ್ದಿ, ಗೆರೆಯೊಳಗೆ ಬಣ್ಣ ತುಂಬಿದೆ. ಬಣ್ಣ ಸರಾಗವಾಗಿ ಓಡಲೆಂದು ಅಗಸೆ ಎಣ್ಣೆಯನ್ನು ಧಾರಾಳವಾಗಿ ಸುರಿದೆ. ವಾರ ಕಳೆದರೂ ಅದು ಒಣಗಲಿಲ್ಲ. ಹಿತ್ತಲಿನ ಗುಂಗುರುಗಳೆಲ್ಲ ಬಂದು ಅಜ್ಜಿಯ ಹಣೆಗೆ ಅಂಟಿಕೊಂಡವು. ಮಾಸ್ಟರ್ ನೋಡಲು ಬಂದರು. ಕ್ಯಾಲೆಂಡರ್ ಬೊಂಬೆಯಂತಿದ್ದ ನನ್ನ ಮುನಿಯಮ್ಮನನ್ನು ನೋಡಿ ಬೈಯಲಿಲ್ಲ, ನಗಲಿಲ್ಲ.

"ನೀನು ಮುಖ ನೋಡ್ದೆ, ಬಣ್ಣ ನೋಡ್ಲಿಲ್ಲ," ಎಂದರು. "ಪಟಾನ ತಲೆಕೆಳಗು ಮಾಡಿ ನೋಡು. ಮುಖ ಮರ್ತೋಗುತ್ತೆ, ಬಣ್ಣ ಕಾಣುತ್ತೆ."

ಸತ್ತ ಅತ್ತೆಯ ಅತ್ತೆಯನ್ನು ತಲೆಕೆಳಗು ಮಾಡಲು ಲಕ್ಷ್ಮಕ್ಕ ಒಪ್ಪುತ್ತಾರೆಯೇ? ಮುಖಕ್ಕೆ ಹೊಡೆದಂತೆ ಬೇಡವೆಂದರು. ಅದಕ್ಕೆ ಉಪಾಯ ಹುಡುಕಿದೆ. ನಂಜಪ್ಪ ಗಡ್ಡ ಹೆರೆದುಕೊಳ್ಳುವ ಕನ್ನಡಿಯನ್ನು ಕೇಳಿ ಪಡೆದು, ಪಟಕ್ಕೆ ಬೆನ್ನು ಹಾಕಿ ಕುಳಿತು, ಕನ್ನಡಿಯಲ್ಲಿ ನೋಡಿದೆ. ಎಡ ಬಲವಾಯಿತು, ಬಲ ಎಡವಾಯಿತು, ಗೊತ್ತಿದ್ದ ಮುಖ ಗುರುತು ತಪ್ಪಿತು. ಆಗ ಕಾಣತೊಡಗಿತು. ನೆರಳಿದ್ದ ಕಡೆ ಬಣ್ಣ ಎಷ್ಟು ತೆಳುವೆಂದರೆ ಬಟ್ಟೆಯ ನೇಯ್ಗೆ ಕಾಣುತ್ತಿತ್ತು. ಬೆಳಕು ಬಿದ್ದ ಮೂಗಿನ ತುದಿಯಲ್ಲಿ, ಕೆನ್ನೆಯ ಮೂಳೆಯ ಮೇಲೆ, ಬಣ್ಣ ದಪ್ಪವಾಗಿ ಬೆರಳಿಗೆ ಸಿಗುವಂತೆ ನಿಂತಿತ್ತು. ನಾನು ಕಣ್ಣಿನ ಸುತ್ತ ಎಳೆದಿದ್ದ ಗೆರೆ ಅಲ್ಲಿ ಇರಲೇ ಇಲ್ಲ. ಒಂದು ಬಣ್ಣ ಇನ್ನೊಂದಕ್ಕೆ ಒರಗಿತ್ತು ಅಷ್ಟೆ, ಗೆರೆಯನ್ನು ನನ್ನ ಕಣ್ಣೇ ಹಾಕಿಕೊಂಡಿತ್ತು. ಕಿವಿಯ ಅಂಚಿನಲ್ಲಿ ತಳದ ಕೆಮ್ಮಣ್ಣಿನ ಬಣ್ಣ ಇಣುಕುತ್ತಿತ್ತು, ಅಂದರೆ ಮೊದಲು ಇಡೀ ಬಟ್ಟೆಗೆ ಅದನ್ನು ಬಳಿದು, ಅದರ ಮೇಲೆ ಕತ್ತಲೆಯಿಂದ ಬೆಳಕಿಗೆ ಬಂದಿದ್ದರು. ಕಪ್ಪು ಕೂದಲಿನಲ್ಲಿ ಕಪ್ಪು ಬಣ್ಣವೇ ಇರಲಿಲ್ಲ.

ಚಿತ್ರ ಕಲಿಯುವವರಿಗೆ ನಾನು ಕೊಡುವ ಬುದ್ಧಿಮಾತು ಇದೇ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಳ್ಳೆಯ ಕೈ ಬರೆದ ಒಂದು ಹಳೆಯ ಪಟವಿದ್ದರೆ, ಅದರ ಮುಂದೆ ಕೂತು ಬರೆಯಿರಿ. ಬರೆದವರು ಯಾವುದನ್ನು ಮೊದಲು ಮಾಡಿದರು, ಯಾವುದನ್ನು ಆಮೇಲೆ ಮಾಡಿದರು, ಎಲ್ಲಿ ಆತುರಪಟ್ಟರು, ಎಲ್ಲಿ ಬ್ರಷ್ ಎತ್ತಿ ಸುಮ್ಮನಾದರು ಎಂಬುದೆಲ್ಲ ಅಲ್ಲಿಯೇ ಇರುತ್ತದೆ. ಫೋಟೊ ನೋಡಿ ಬರೆದರೆ ಅದು ಸಿಗುವುದಿಲ್ಲ.

ಎರಡನೆಯ ಕ್ಯಾನ್ವಾಸಿನಲ್ಲಿ ನಾನು ಆ ದಾರಿಯಲ್ಲೇ ನಡೆದೆ. ಮುಖ ಮೂಡತೊಡಗಿತು. ಲಕ್ಷ್ಮಕ್ಕ ಅಡುಗೆಮನೆಯಿಂದ ಬಂದು ನಿಂತು ನೋಡುತ್ತಿದ್ದರು. ಒಂದು ದಿನ ನಂಜಪ್ಪನೂ, ನಾನು ಬರುವ ಹೊರಡುವ ಹೊತ್ತಲ್ಲದಿದ್ದರೂ, ಬಂದು ನಿಂತರು. ಎಲ್ಲ ಸರಿಹೋಗುತ್ತಿದೆ ಎಂದುಕೊಂಡೆ. ಒಂದು ಪಕ್ಕದ ಅಂಚಿನ ಅಳತೆ ಮಾತ್ರ ಸಿಕ್ಕಿರಲಿಲ್ಲ, ಮೊಣಕೈ ಪಟದ ಮರದ ಕಟ್ಟಿನ ಮರೆಯಲ್ಲಿತ್ತು. ಕಟ್ಟು ಬಿಚ್ಚಿಕೊಡಿ ಎಂದು ಕೇಳಿದೆ. ನಂಜಪ್ಪ ತಾವೇ ಮೊಳೆಗಳನ್ನು ಒಂದೊಂದಾಗಿ ತೆಗೆದು ಮರದ ಕಟ್ಟನ್ನು ಬೇರೆ ಮಾಡಿದರು.

ಕಟ್ಟಿನ ಅಡಿಯಲ್ಲಿ ಇಷ್ಟು ವರ್ಷ ಮುಚ್ಚಿಕೊಂಡಿದ್ದ ಒಂದು ಬೆರಳಗಲದ ಅಂಚು ಹೊರಬಂತು. ಅಲ್ಲಿ ಸೀರೆ ಗಿಳಿಹಸಿರು. ಮೊಣಕೈ ತೆಳು ಗುಲಾಬಿ ಬಿಳುಪು, ಆಗತಾನೆ ಜನಿಸಿದ ಕೂಸಿನ ಅಂಗಾಲಿನಂತೆ.

ಮೇಲೆಲ್ಲ ಇದ್ದ ಕಂದು, ಬರೆದವರು ಹಚ್ಚಿದ್ದಲ್ಲ. ಒಲೆಯ ಹೊಗೆ, ದೀಪದ ಹೊಗೆ, ಸಾಂಬ್ರಾಣಿ, ಹಳದಿಗಟ್ಟಿದ ವಾರ್ನಿಶ್. ನಾನು ಹೊಗೆಯನ್ನು ನಕಲು ಮಾಡುತ್ತಿದ್ದೆ.

ನಂಜಪ್ಪ ಕಟ್ಟನ್ನು ಕೆಳಗಿಟ್ಟು, ಬಗ್ಗಿ ಆ ಅಂಚನ್ನು ನೋಡಿದರು. ಆಮೇಲೆ, "ಅಜ್ಜಿ ಒಳಗೆ ಇನ್ಯಾರೋ ಕುಂತವ್ರಲ್ಲಮ್ಮ," ಎಂದರು.

ಸುದ್ದಿ ತಮ್ಮನ ಮನೆಗೆ ಮುಟ್ಟಿತು. ರಾಮಯ್ಯ ಬಂದು ನೋಡಿದರು. ಅವರಿಗೆ ಸಂತೋಷ. ಅಜ್ಜಿ ಇಷ್ಟು ಬೆಳ್ಳಗಿದ್ದರೆಂದು ಯಾರೂ ಹೇಳಿರಲಿಲ್ಲ, ಈಗ ಗೊತ್ತಾಯಿತು, ಪಟವನ್ನು ಪೂರ್ತಿ ತೊಳೆಯಿರಿ, ತನಗೆ ಬರೆಯುವುದನ್ನೂ ಹಾಗೆಯೇ ಬರೆಯಿರಿ ಎಂದರು. ಮಾಸ್ಟರ್ ಬಂದು, ಹೊಗೆ ತೆಗೆಯುವುದು ಕಷ್ಟವಲ್ಲ, ಹತ್ತಿಯನ್ನು ಉಗುಳಿನಲ್ಲಿ ನೆನೆಸಿ ಮೆಲ್ಲಗೆ ಒರೆಸಿದರೆ ಸಾಕು, ಬಣ್ಣಕ್ಕೆ ಏನೂ ಆಗದು ಎಂದು ಗೊತ್ತಿದ್ದದ್ದನ್ನು ಹೇಳಿದರು. ಅವರು ಬೇರೆ ಯಾವುದಾದರೂ ನೀರಿನ ಹೆಸರು ಹೇಳಿದ್ದರೆ ಚೆನ್ನಾಗಿತ್ತು. ಎಡೆ ಇಡುವ ಪಟಕ್ಕೆ ಎಂಜಲು ಎಂದೊಡನೆ ನಂಜಪ್ಪ ಎದ್ದು ನಿಂತರು. ಪಟ ಮುಟ್ಟಬೇಡಿ, ಬರೆಯುವುದೂ ಬೇಡ, ಬಣ್ಣ ಎತ್ತಿಕೊಂಡು ಹೋಗಿ ಎಂದರು. ರಾಮಯ್ಯನ ದನಿಯೂ ಏರಿತು. ತನ್ನ ಅಜ್ಜಿಯನ್ನು ಮಸಿಯಲ್ಲಿ ಮುಚ್ಚಿಡಲು ಅಣ್ಣನಿಗೆ ಯಾವ ಹಕ್ಕಿದೆ ಎಂದರು. ಎರಡು ಮನೆಯಲ್ಲಿ ಎರಡು ಬಣ್ಣದ ಅಜ್ಜಿ ಇದ್ದರೆ ಊರು ಏನನ್ನುತ್ತದೆ ಎಂದು ಲಕ್ಷ್ಮಕ್ಕ ಅಳತೊಡಗಿದರು. ಹಿರಿಯರ ಹಬ್ಬ ಹತ್ತಿರ ಬಂದಿತ್ತು. ನಾನು ಬ್ರಷ್ ತೊಳೆಯಲು ಎದ್ದೆ.

ಅಷ್ಟರವರೆಗೂ ಅಕ್ಕಯಮ್ಮ ತಲೆ ಎತ್ತಿರಲಿಲ್ಲ. ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿ, ಕೈ ಒದರಿಕೊಂಡು ಹತ್ತಿರ ಬಂದರು. ಕಟ್ಟಿಲ್ಲದ ಪಟವನ್ನು ಬಗ್ಗಿ ನೋಡಿದರು, ಆಮೇಲೆ ನಗಲು ಶುರುಮಾಡಿದರು.

"ನಮ್ಮವ್ವ ಇಷ್ಟು ಬೆಳ್ಳಗಿರ್ಲಿಲ್ಲ ಕಣ್ರಲಾ," ಎಂದರು. "ನನ್ನಂಗೇ ಇದ್ಲು. ಆ ಪಟ ಬರ್ಯೋನು ಬಂದಾಗ ನಾನು ಸಣ್ಣೋಳು, ಅವ್ವನ ಪಕ್ಕದಾಗೇ ಕುಂತಿದ್ದೆ. ಬರ್ದು ಮುಗಿಸಿ ತೋರಿಸ್ದಾಗ ಅವ್ವ ಅಂದ್ಲು, ಇದ್ಯಾವ ದೊರೆಸಾನಿ, ನಮ್ಮನೇಗ್ ಯಾಕ್ ಬಂದ್ಲು ಅಂತ. ಅಪ್ಪಯ್ಯನಿಗೆ ಸಿಟ್ಟು ಬಂದು ಆವತ್ತು ಉಣ್ಲೇ ಇಲ್ಲ."

"ಮತ್ತೆ ಈ ಬಣ್ಣ?" ಎಂದು ರಾಮಯ್ಯ ಕೇಳಿದರು.

"ಹೊಗೆ ಕುಡ್ಕಂಡು ಕುಡ್ಕಂಡು ನಮ್ಮವ್ವನೇ ಆಗ್ಬುಟ್ಲು ಕಣ್ಲಾ. ನಾನು ದಿನಾ ನೋಡ್ತಿದ್ನಲ್ಲ, ವರ್ಷ ವರ್ಷ ಹತ್ರ ಹತ್ರ ಬತ್ತಿದ್ಲು."

ಅಕ್ಕಯಮ್ಮ ನನ್ನ ಕಡೆ ತಿರುಗಿ, ತಮ್ಮ ಬಲಗೈಯನ್ನು ಮೊಣಕೈವರೆಗೂ ಚಾಚಿದರು.

"ನೀನು ಹೊಗೇನೂ ಬರೀಬ್ಯಾಡ, ದೊರೆಸಾನೀನೂ ಬರೀಬ್ಯಾಡ. ಇದನ್ನ ನೋಡ್ಕಂಡು ಬರಿ. ನಾನೇನು ಎಲ್ಲಿಗೂ ಓಡೋಗಲ್ಲ."

ನಂಜಪ್ಪ ಅತ್ತೆಯ ಮಾತಿಗೆ ಎದುರಾಡುವವರಲ್ಲ. ಹಳೆಯ ಪಟ ಹೇಗಿದೆಯೋ ಹಾಗೆಯೇ ಕಟ್ಟಿನೊಳಗೆ ಹೋಯಿತು. ನಾನು ಮೂರನೆಯ ಕ್ಯಾನ್ವಾಸ್ ಹೂಡಿದೆ. ಕೂತ ಭಂಗಿ, ಮುಖದ ಅಳತೆ, ಸೆರಗಿನ ಮಡಿಕೆ, ನೆರಳು ತೆಳುವಾಗಿ ಬೆಳಕು ದಪ್ಪವಾಗಿ ಬರೆಯುವ ಕ್ರಮ, ಇವೆಲ್ಲ ಹಳೆಯ ಪಟದ್ದು. ಸೀರೆಗೆ ಕಟ್ಟಿನ ಅಡಿಯ ಗಿಳಿಹಸಿರು. ಮೈ ಮಾತ್ರ ಅಕ್ಕಯಮ್ಮನದು.

ಆ ಮೈ ಬರೆಯಲು ಹೋದಾಗಲೇ ನನಗೆ ಗೊತ್ತಾದದ್ದು, ನನ್ನ ಕೈಗೆ ಬಿಳಿ ಸೇರಿಸುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು. ಕಂದುಬಣ್ಣಕ್ಕೆ ಬೆಳಕು ತರಲು ಬಿಳಿ ಬೆರೆಸಿದೆ, ಮೈಗೆ ಬೂದಿ ಬಳಿದಂತಾಯಿತು. ಕೆರೆದು ತೆಗೆದೆ. ನೆರಳಿಗೆ ಕಪ್ಪು ಬೆರೆಸಿದೆ, ಮಸಿ ಮೆತ್ತಿದಂತಾಯಿತು. ಅದನ್ನೂ ತೆಗೆದೆ. ಆಮೇಲೆ ಬ್ರಷ್ ಇಟ್ಟು ಸುಮ್ಮನೆ ಅವರ ಕೈ ನೋಡುತ್ತಾ ಕುಳಿತೆ. ಅವರು ತಮ್ಮ ಪಾಡಿಗೆ ಹುರುಳಿ ಆರಿಸುತ್ತಿದ್ದರು. ಬಾಗಿಲಿನಿಂದ ಬಂದ ಬೆಳಕು ಮುಂಗೈ ಮೇಲೆ ಬಿದ್ದಾಗ ಅಲ್ಲಿ ಹಳದಿ ಕೂಡಿದ ಕೆಂಪಿತ್ತು, ಹೊಸ ಹುಣಸೆಹಣ್ಣನ್ನು ಬಿಡಿಸಿದಾಗ ಒಳಗೆ ಕಾಣುವಂಥದು. ಕೈ ತಿರುಗಿದಾಗ ನೆರಳಿನಲ್ಲಿ ನೇರಳೆಯ ಛಾಯೆ. ಮೊಣಕೈಯ ಮಡಿಕೆಯಲ್ಲಿ ಹಸಿರು ಸೋಕಿದ ಬೂದು. ಕೈಯ ಉಬ್ಬಿನ ತೀರಾ ಮೇಲೆ, ಒಂದು ಎಳೆಯಷ್ಟು ಜಾಗದಲ್ಲಿ, ಅಂಗಳದ ಆಕಾಶವೇ ಬಿದ್ದು ನೀಲಿಯಾಗಿತ್ತು. ಆ ಎಳೆಯೊಂದಕ್ಕೆ ಮಾತ್ರ ಬಿಳಿ ಬೇಕು, ಅದೂ ನೀಲಿ ಸೇರಿಸಿ. ಉಳಿದ ಬೆಳಕೆಲ್ಲ ಹಳದಿ ಕೆಂಪಿನಿಂದಲೇ ಬರಬೇಕು. ನಮ್ಮ ಕಡೆಯ ಜನರ ಮೈಬಣ್ಣ ಬರೆಯುವವರು ಇದನ್ನು ಬಾಯಿಪಾಠ ಮಾಡುವುದು ಬೇಡ, ಅಮ್ಮನೋ ಅಜ್ಜಿಯೋ ಬಾಗಿಲ ಬಳಿ ಕೂತಿರುವಾಗ ಹೋಗಿ ನೋಡಲಿ.

ನಾನು ನೋಡುವುದು ಅಕ್ಕಯಮ್ಮನಿಗೂ ರೂಢಿಯಾಯಿತು. ಕೆಲವು ದಿನ ತಮ್ಮ ತಾಯಿಯ ಮಾತು ಹೇಳುತ್ತಿದ್ದರು, ಕೆಲವು ದಿನ ಏನೂ ಇಲ್ಲ. ಒಮ್ಮೆ, ಇಷ್ಟು ವರ್ಷಕ್ಕೆ ನನ್ನ ಕೈಯನ್ನು ಯಾರೂ ಇಷ್ಟು ಹೊತ್ತು ನೋಡಿರಲಿಲ್ಲ ಎಂದರು. ನಾನು ಬರೆಯುವುದನ್ನು ಮುಂದುವರಿಸಿದೆ.

ಹಬ್ಬದ ಹಿಂದಿನ ದಿನ ಎರಡೂ ಪಟಗಳನ್ನು ಪಡಸಾಲೆಯ ಗೋಡೆಗೆ ಒರಗಿಸಿ ಇಟ್ಟೆವು. ಯಾವುದು ಹಳೆಯದೆಂದು ಗೊತ್ತಾಗಬಾರದು ಎಂಬ ಷರತ್ತು ಯಾರ ನೆನಪಿಗೂ ಬರಲಿಲ್ಲ. ಕುರುಡರಿಗೂ ಗೊತ್ತಾಗುವಂತಿತ್ತು. ಬೆಳ್ಳಗಿನ ಅಜ್ಜಿ ಕೈತಪ್ಪಿದ ನಿರಾಸೆ ರಾಮಯ್ಯನ ಮುಖದಲ್ಲಿ ಇನ್ನೂ ಇತ್ತು. ಅಕ್ಕಯಮ್ಮ ಹೊಸ ಪಟದ ಎದುರು ಕುಕ್ಕರಗಾಲಲ್ಲಿ ಕುಳಿತರು.

"ಅವ್ವ ಹೊಲದಿಂದ ಈಗ ಬಂದು ಕುಂತಂಗೈತೆ," ಎಂದರು.

ರಾಮಯ್ಯ ಅತ್ತೆಯ ಮುಖ ನೋಡಿದರು, ಪಟ ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಆಮೇಲೆ ಮೇಲುಹೊದಿಕೆಯನ್ನು ಹೆಗಲಿನಿಂದ ತೆಗೆದು ಪಟದ ಮುಂದೆ ಕೈಮುಗಿದರು. ಹಳೆಯ ಪಟ ನಂಜಪ್ಪನ ಮನೆಯಲ್ಲೇ ಉಳಿಯಿತು, ಹೊಸದು ರಾಮಯ್ಯನ ಮನೆಗೆ ಹೋಯಿತು. ಮರುದಿನ ಎರಡು ಮನೆಯಲ್ಲೂ ಎಡೆ ಇಟ್ಟರು.

ಮಾಸ್ಟರ್ ಆ ಪಟವನ್ನು ನೋಡಿ, ಮೈಗೆ ಬಿಳಿ ಎಷ್ಟು ಹಾಕಿದೆ ಎಂದು ಕೇಳಿದರು. ಒಂದು ಎಳೆ ಎಂದೆ. ಅವರು ಹ್ಞೂಂ ಎಂದರಷ್ಟೆ. ಆದರೆ ಅಂದಿನಿಂದ ಸ್ಟುಡಿಯೊಕ್ಕೆ ಬಂದ ಎಣ್ಣೆಬಣ್ಣದ ಕೆಲಸವೆಲ್ಲ ನನ್ನದಾಯಿತು. ಬೆಳ್ಳಗೆ ಮಾಡಿಕೊಡಿ ಎಂದು ಕೇಳುವವರು ಆಗಲೂ ಬರುತ್ತಿದ್ದರು, ಮುಂದೆ ನನ್ನದೇ ಅಂಗಡಿ ಇಟ್ಟ ಮೇಲೂ ಬಂದರು, ಈಗ ಮನೆಗೂ ಬರುತ್ತಾರೆ. ನಾನು ವಾದಕ್ಕೆ ನಿಲ್ಲುವುದಿಲ್ಲ. ಸತ್ತವರ ರಕ್ತಸಂಬಂಧಿ ಯಾರನ್ನಾದರೂ ಕರೆತನ್ನಿ, ಬಾಗಿಲ ಬೆಳಕಿನಲ್ಲಿ ಕೂರಿಸಿ ನೋಡುತ್ತೇನೆ ಎನ್ನುತ್ತೇನೆ. ಮಗಳನ್ನೋ ತಂಗಿಯನ್ನೋ ಕೂರಿಸಿ ಅವರ ಕೈಬಣ್ಣವನ್ನು ಅವರ ಕಣ್ಣೆದುರಿಗೇ ಕಲೆಸಿ ತೋರಿಸಿದರೆ, ಬಿಳಿ ಕೇಳಲು ಬಂದವರು ಸುಮ್ಮನಾಗುತ್ತಾರೆ. ಆ ಬಣ್ಣ ಅಷ್ಟು ಚೆನ್ನಾಗಿರುತ್ತದೆ.

ಕೆಲವು ವರ್ಷದ ಮೇಲೆ ನಂಜಪ್ಪ ಸ್ಟುಡಿಯೊಗೆ ಬಂದರು. ಅಕ್ಕಯಮ್ಮ ತೀರಿಕೊಂಡಿದ್ದರು. ನನಗೆ ಸುದ್ದಿ ತಿಳಿದಿರಲಿಲ್ಲ. ಬೆಂಚಿನ ಮೇಲೆ ಕುಳಿತು, ಟೀ ತರಿಸಿದರೂ ಕುಡಿಯದೆ, ಅತ್ತೆಯ ಪಟ ಬರೆಯಬೇಕು ಎಂದರು. ಫೋಟೊ ಕೊಡಿ ಎಂದೆ. ಇಲ್ಲ ಎಂದರು. ಮದುವೆಗಳಲ್ಲಿ ತೆಗೆದ ಫೋಟೊಗಳನ್ನೆಲ್ಲ ಹುಡುಕಿದ್ದರು. ಎಲ್ಲ ಮದುವೆಯಲ್ಲೂ ಅಕ್ಕಯಮ್ಮ ಅಡುಗೆಯ ಕಡೆ ಇದ್ದರು, ಫೋಟೊದಲ್ಲಿ ಇರಲಿಲ್ಲ. ಸತ್ತ ದಿನ ಫೋಟೊ ತೆಗೆಸಲು ಹೊರಟವರನ್ನು ನಂಜಪ್ಪನೇ ತಡೆದಿದ್ದರು, ಕಣ್ಣು ಮುಚ್ಚಿದ ಅತ್ತೆಯನ್ನು ಗೋಡೆಗೆ ಹಾಕಲು ಮನಸ್ಸಾಗಲಿಲ್ಲವಂತೆ.

"ನೀನು ನೋಡಿದ್ದೀಯಲ್ಲಮ್ಮ," ಎಂದರು. "ನಮ್ಮೆಲ್ರಿಗಿಂತ ಜಾಸ್ತಿ ನೀನೇ ನೋಡಿದ್ದೀಯ."

ನಿಮ್ಮ ಪಡಸಾಲೆಯಲ್ಲೇ ಕುಳಿತು ಬರೆಯುತ್ತೇನೆ, ಆ ಬಾಗಿಲ ಬೆಳಕು ಹೊಸೂರಿನಲ್ಲಿ ಸಿಗುವುದಿಲ್ಲ ಎಂದೆ. ಮತ್ತೆ ಅದೇ ಬಸ್ಸು, ಅದೇ ಹಳ್ಳಿ. ಈ ಸಲ ಎದುರಿಗೆ ಏನೂ ಇರಲಿಲ್ಲ, ಪಟವೂ ಇಲ್ಲ, ಮನುಷ್ಯರೂ ಇಲ್ಲ, ಅವರು ಕೂರುತ್ತಿದ್ದ ಮೂಲೆ ಒಂದೇ. ಮೊದಲ ದಿನ ಕೆಮ್ಮಣ್ಣು ಬಳಿದು ಒಣಗಲು ಬಿಟ್ಟೆ. ಎರಡನೆಯ ದಿನ ಮನೆಯವರೆಲ್ಲ ಸುತ್ತ ಸೇರಿದರು. ಮೂಗು ಇನ್ನೂ ಚೂಪು ಎಂದು ಲಕ್ಷ್ಮಕ್ಕ, ಇಲ್ಲ ಮೊಂಡು ಎಂದು ರಾಮಯ್ಯನ ಹೆಂಡತಿ. ಒಬ್ಬೊಬ್ಬರಿಗೆ ಒಬ್ಬೊಬ್ಬ ಅಕ್ಕಯಮ್ಮ. ಎಲ್ಲರನ್ನೂ ಅಂಗಳಕ್ಕೆ ಕಳಿಸಿ ಬಾಗಿಲು ಅರ್ಧ ಎಳೆದುಕೊಂಡೆ. ಮುಖದಿಂದ ಶುರುಮಾಡಲೂ ಇಲ್ಲ. ಮೊದಲು ಹುರುಳಿ ಆರಿಸುವ ಕೈ ಬರೆದೆ. ಅದು ಕಣ್ಣಿಗೆ ಕಟ್ಟಿತ್ತು. ಕೈ ಮೂಡಿದ ಮೇಲೆ ತೋಳು ಎಲ್ಲಿಂದ ಬರಬೇಕೆಂದು ತಾನೇ ಗೊತ್ತಾಯಿತು, ತೋಳಿನಿಂದ ಭುಜ, ಭುಜದಿಂದ ಕತ್ತು. ಅವರು ತಲೆ ಬಗ್ಗಿಸಿ ಕೂರುತ್ತಿದ್ದ ಬಗೆ ಬಂದ ಮೇಲೆ ಮೂಗಿನ ಬಗ್ಗೆ ಜಗಳವೇ ಉಳಿಯಲಿಲ್ಲ, ಬಗ್ಗಿದ ಮುಖದಲ್ಲಿ ಅದು ಎಷ್ಟು ಕಾಣಬೇಕೋ ಅಷ್ಟೇ ಕಂಡಿತು.

ಮುಗಿಯಿತೆಂದು ಬಾಗಿಲು ತೆರೆದಾಗ ಮೊದಲು ಒಳಗೆ ಬಂದವರು ನಂಜಪ್ಪ. ಪಟದ ಎದುರು ನಿಂತರು. ಆಮೇಲೆ ಲಕ್ಷ್ಮಕ್ಕನನ್ನು ಕರೆದು, ಚಿಕ್ಕವನಿಗೆ ಬರಲು ಹೇಳು ಎಂದರು. ರಾಮಯ್ಯ ಬಂದರು. ಅಣ್ಣತಮ್ಮಂದಿರಿಬ್ಬರೂ ಪಕ್ಕಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಈಗ ಇದರದೂ ಇನ್ನೊಂದು ಬರೆದುಕೊಡಿ ಎಂಬ ಮಾತು ಬರುತ್ತದೆಂದು ನಾನು ಕಾದಿದ್ದೆ. ಇನ್ನೊಂದು ನನ್ನಿಂದ ಆಗುವುದಿಲ್ಲ ಎಂದು ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ.

ನಂಜಪ್ಪ ತಮ್ಮನ ಕಡೆ ನೋಡದೆ, "ಒಂದ್ ವರ್ಷ ನಿನ್ ಮನೇಲಿರ್ಲಿ, ಒಂದ್ ವರ್ಷ ಇಲ್ಲಿರ್ಲಿ," ಎಂದರು. "ಅತ್ತೆ ಹಂಗೇ ತಾನೇ ಇದ್ದಿದ್ದು. ಮೊದ್ಲು ನೀನೇ ತಗೊಂಡೋಗು."

ರಾಮಯ್ಯ ಕಣ್ಣೊರೆಸಿಕೊಂಡು, ಆ ಕಡೆ ಹಿಡಿದುಕೊ ಅಣ್ಣಾ ಎಂದರು. ಬಣ್ಣ ಇನ್ನೂ ಹಸಿ, ಅಂಚು ಬಿಟ್ಟು ಎಲ್ಲೂ ಮುಟ್ಟಬೇಡಿ, ಬಟ್ಟೆ ಮುಚ್ಚಬೇಡಿ ಎಂದು ನಾನು ಹೇಳಿದೆ. ಒಬ್ಬೊಬ್ಬರು ಒಂದೊಂದು ಅಂಚು ಹಿಡಿದು, ಪಟದ ಮುಖ ಹೊರಗೆ ಮಾಡಿ, ಬೀದಿಗೆ ಇಳಿದರು. ನಾನು ಬಣ್ಣದ ಚೀಲ ಹಿಡಿದು ಹಿಂದೆ ನಡೆದೆ.

ಬೀದಿಯ ತಿರುವಿನಲ್ಲಿ ಒಬ್ಬ ಮುದುಕಿ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಕಣ್ಣು ಮಂಜಾದವರು. ನಾವು ಹತ್ತಿರ ಬಂದಾಗ ಚಾಚಿದ್ದ ಕಾಲುಗಳನ್ನು ಒಳಗೆ ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಅಣ್ಣತಮ್ಮಂದಿರನ್ನು ಬಿಟ್ಟು ಪಟವನ್ನೇ ನೋಡಿ ಕೇಳಿದರು.

"ಏನ್ ಅಕ್ಕಯ್ಯ, ಚಿಕ್ಕೋನ್ ಮನೆಗ್ ಹೊಂಟ್ಯೇನು?"

ಇಬ್ಬರೂ ನಿಂತರು. ಯಾರು ಉತ್ತರ ಕೊಡಬೇಕೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನಂಜಪ್ಪನೇ ಹೂಂ ಕಣಜ್ಜಿ ಎಂದರು, ಪಟವನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದುಕೊಂಡು ಮುಂದೆ ನಡೆದರು.